ಸ್ಕಿಜೋಫ್ರೇನಿಯಾ: ‘ನನ್ನಿಂದಾಗದು’ ಎಂದು ಕೂತವರ ಜೊತೆ ಮನೆಯವರು ಮಾಡಬಹುದಾದದ್ದು

ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ಕಡಿಮೆಯಾಗಿವೆ. ಯಾರೋ ಅನ್ನಕ್ಕೆ ವಿಷ ಹಾಕುತ್ತಾರೆ ಎನ್ನುವ ಭಯವೂ ಹೋಗಿದೆ. ಮಾತ್ರೆ ತಪ್ಪದೆ ನಡೆಯುತ್ತಿದೆ. ಆದರೂ ಮಗ ಹತ್ತು ಗಂಟೆಗೆ ಏಳುತ್ತಾನೆ. ಜಗಲಿಯ ಮೂಲೆಯಲ್ಲಿ ಕೂರುತ್ತಾನೆ. ಕರೆದರೆ ಊಟಕ್ಕೆ ಬರುತ್ತಾನೆ, ಮತ್ತೆ ಹೋಗಿ ಮಲಗುತ್ತಾನೆ. ಸ್ನಾನಕ್ಕೂ ಮೂರು ಸಲ ಹೇಳಬೇಕು. ‘ಎಂಥ ಕಾಯಿಲೆ, ಅವನಿಗೆ ಉದಾಸೀನ’ ಎಂದು ನೆಂಟರು ಹೇಳಿ ಹೋಗುತ್ತಾರೆ. ಮನೆಯವರಿಗೂ ಒಳಗೊಳಗೆ ಹಾಗೇ ಅನಿಸಲು ಶುರುವಾಗಿರುತ್ತದೆ.

ಲೋಕದಲ್ಲಿ ಸುಮಾರು 300ರಿಂದ 350 ಜನರಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಎಂಬ ಈ ಮಾನಸಿಕ ಕಾಯಿಲೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದಮೇಲೆ ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಪೆರ್ಲ, ಬದಿಯಡ್ಕ, ಮುಳ್ಳೇರಿಯದ ಕಡೆಯೂ ಇಂಥ ಮನೆಗಳು ಇದ್ದೇ ಇವೆ. ಬಾಯಿಬಿಟ್ಟು ಹೇಳುವವರು ಕಡಿಮೆ, ಅಷ್ಟೆ.

ಹೀಗೆ ಕೂತುಬಿಡುವುದಕ್ಕೆ ಕಾರಣ ಹಲವು. ಇಲ್ಲಿ ಒಂದನ್ನು ಮಾತ್ರ ಹಿಡಿದುಕೊಳ್ಳುತ್ತೇನೆ, ಯಾಕೆಂದರೆ ಅದು ಮನೆಯವರ ಕೈಗೆ ಸಿಗುವಂಥದು. ಕೆಲಸಕ್ಕೆ ಕೈಹಾಕುವ ಮೊದಲೇ ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ: ‘ನನ್ನಿಂದಾಗದು. ಮಾಡಿದರೂ ಹಾಳಾಗುತ್ತದೆ. ಅರ್ಧಂಬರ್ಧ ಮಾಡುವುದಕ್ಕಿಂತ ಮಾಡದಿರುವುದೇ ಒಳ್ಳೆಯದು.’ ಖಿನ್ನತೆಗೆ ಮಾತಿನ ಚಿಕಿತ್ಸೆ ರೂಪಿಸಿದ ಅಮೆರಿಕದ ಮನೋವೈದ್ಯ ಆರನ್ ಬೆಕ್ ತಮ್ಮ ಕೊನೆಯ ವರ್ಷಗಳಲ್ಲಿ ಬಹಳಷ್ಟು ಸಮಯವನ್ನು ಇದಕ್ಕೇ ಕೊಟ್ಟರು. ಅವರು ಮತ್ತು ಅವರ ಜೊತೆಗಾರ ಪಾಲ್ ಗ್ರಾಂಟ್ 2009ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದು ಇಷ್ಟು: ಈ ಕಾಯಿಲೆಯಲ್ಲಿ ನೆನಪು, ಗಮನ ಕುಂದುತ್ತದೆ, ದಿನದ ಕೆಲಸವೂ ನಿಲ್ಲುತ್ತದೆ. ಈ ಎರಡರ ನಡುವೆ ‘ನನ್ನಿಂದಾಗದು’ ಎಂಬಂಥ ಸೋಲಿನ ನಂಬಿಕೆಗಳು ಕೊಂಡಿಯ ಹಾಗೆ ಕೂತಿರುತ್ತವೆ.

ನಡೆಯುವುದು ಹೀಗೆ. ಪ್ಲಸ್‌ಟು ಮುಗಿಸುವ ಹೊತ್ತಿಗೋ ಡಿಗ್ರಿ ಓದುವಾಗಲೋ ಕಾಯಿಲೆ ಬರುತ್ತದೆ. ಓದು ಅರ್ಧಕ್ಕೆ ನಿಲ್ಲುತ್ತದೆ. ಗಮನ ಒಂದೆಡೆ ನಿಲ್ಲದು, ಕೈ ನಿಧಾನ. ಐದು ಸಾಮಾನು ತರಲು ಅಂಗಡಿಗೆ ಹೋದವನು ಎರಡು ಮರೆತು ಬರುತ್ತಾನೆ. ಯಾರೋ ನಗುತ್ತಾರೆ, ಯಾರೋ ಬೈಯುತ್ತಾರೆ. ಸೊಸೆ ಒಂದು ದಿನ ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದರೆ ಮರುದಿನದಿಂದ ಅವಳನ್ನು ಒಲೆಯ ಹತ್ತಿರ ಬಿಡುವುದಿಲ್ಲ. ಇಂಥದ್ದು ಕೆಲವು ಸಲ ಆಯಿತೆಂದರೆ ನಂಬಿಕೆ ಗಟ್ಟಿಯಾಗುತ್ತದೆ. ಕೆಲಸ ಬಿಟ್ಟ ಕ್ಷಣಕ್ಕೆ ಹಾಯೆನಿಸುತ್ತದೆ. ಬಿಟ್ಟಷ್ಟೂ ಅಭ್ಯಾಸ ತಪ್ಪುತ್ತದೆ, ಅಭ್ಯಾಸ ತಪ್ಪಿದಷ್ಟೂ ‘ಹೇಳಿದೆನಲ್ಲ, ಆಗದು ಅಂತ’ ಎನ್ನುವುದಕ್ಕೆ ಸಾಕ್ಷಿ ಸಿಗುತ್ತದೆ.

ಅಂದರೆ ಆ ನಂಬಿಕೆಯ ಬುಡದಲ್ಲಿ ಸ್ವಲ್ಪ ನಿಜ ಇದೆ. ‘ಅದೆಲ್ಲ ನಿನ್ನ ಭ್ರಮೆ’ ಎಂದು ತಳ್ಳಿಹಾಕಿದರೆ ಅವರು ನಿಮ್ಮನ್ನು ನಂಬುವುದಿಲ್ಲ. ಹಾಗೆಂದು ಈ ಒಂದು ಕೊಂಡಿ ಬಿಚ್ಚಿದರೆ ಎಲ್ಲ ಸರಿಹೋಗುತ್ತದೆ ಎಂದೂ ತಿಳಿಯಬೇಡಿ. ನಂಬಿಕೆಗೂ ಜಡತ್ವಕ್ಕೂ ಸಂಬಂಧ ಇರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ, ಆದರೆ ಅದು ಭಾರೀ ದೊಡ್ಡದೇನಲ್ಲ.

1. ಬೇರೆ ಕಾರಣ ಇದೆಯಾ ನೋಡಿ

ಮೊದಲು ಮಾತ್ರೆಯ ಕಡೆ ನೋಡಿ. ಕೆಲವು ಮಾತ್ರೆಗಳಿಂದ ಮಂಪರು ಬರುತ್ತದೆ, ಬೆಳಿಗ್ಗೆ ತಲೆ ಭಾರವಾಗಿರುತ್ತದೆ. ಕೆಲವದರಿಂದ ಕೈಕಾಲು ಬಿಗಿಯಾಗುತ್ತದೆ, ಬೆರಳು ನಡುಗುತ್ತದೆ, ಮುಖದಲ್ಲಿ ನಗುವೇ ಮೂಡುವುದಿಲ್ಲ. ಇನ್ನು ಕೆಲವರಿಗೆ ಕೂತಲ್ಲಿ ಕೂರಲಾಗದ ಚಡಪಡಿಕೆ. ಇವೆಲ್ಲ ಹೊರಗಿನಿಂದ ನೋಡುವವರಿಗೆ ‘ಮನಸ್ಸಿಲ್ಲ’ ಎಂಬ ಹಾಗೇ ಕಾಣುತ್ತವೆ. ಡಾಕ್ಟರಿಗೆ ಹೇಳಿದರೆ ಪ್ರಮಾಣ, ಹೊತ್ತು ಅಥವಾ ಮಾತ್ರೆಯನ್ನೇ ಬದಲಾಯಿಸಲು ಆದೀತು. ನೀವಾಗಿ ನಿಲ್ಲಿಸಬೇಡಿ, ಕಡಿಮೆ ಮಾಡಲೂ ಬೇಡಿ. ನಿಲ್ಲಿಸಿದಲ್ಲಿ ಕಾಯಿಲೆ ಮರುಕಳಿಸುವುದೇ ಜಾಸ್ತಿ.

ದನಿಗಳು ಇನ್ನೂ ಜೋರಾಗಿವೆಯೇ? ನಿದ್ದೆ ಕೆಟ್ಟಿದೆಯೇ? ಖಿನ್ನತೆಯೂ ಸೇರಿಕೊಂಡಿದೆಯೇ? ಥೈರಾಯ್ಡ್, ಸಕ್ಕರೆ, ರಕ್ತ ಕಡಿಮೆಯಾಗಿರುವುದು? ಒಮ್ಮೆ ಪರೀಕ್ಷೆ ಮಾಡಿಸಿಬಿಡಿ.

ಇನ್ನೊಂದು ಮುಖ್ಯ ವಿಷಯ. ‘ನನ್ನಿಂದಾಗದು’ ಎನ್ನುವ ಮಾತು ‘ನಾನಿದ್ದು ಏನು ಪ್ರಯೋಜನ’, ‘ನಾನು ಹೋದರೆ ನಿಮಗೆಲ್ಲ ಹಗುರ’ ಎನ್ನುವ ಕಡೆಗೆ ತಿರುಗಿದರೆ ಮುಂದೆ ಬರೆದಿರುವ ಯಾವುದನ್ನೂ ಮಾಡುತ್ತಾ ಕೂರಬೇಡಿ. ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಅಲ್ಲಿಯವರೆಗೆ ಒಬ್ಬರನ್ನೇ ಬಿಡಬೇಡಿ. ತೋಟಕ್ಕೆ ಹೊಡೆಯುವ ಮದ್ದು ಮನೆಯಲ್ಲಿದ್ದರೆ ಬೀಗದೊಳಗೆ ಇಡಿ.

2. ಅವರ ಮನಸ್ಸಿನ ವಾಕ್ಯ ಕೇಳಿಸಿಕೊಳ್ಳಿ

‘ಯಾಕೆ ಮಾಡುದಿಲ್ಲ?’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಅದು ಆರೋಪದ ಹಾಗೆ ಕೇಳುತ್ತದೆ. ಹೀಗೆ ಕೇಳಿ: ‘ಈಗ ಇದಕ್ಕೆ ಹೊರಟೆ ಅಂತ ಇಟ್ಟುಕೋ, ಎಂಥ ಆದೀತು ಅನಿಸ್ತದೆ?’ ಕೇಳಿದ ಮೇಲೆ ಸುಮ್ಮನಿರಿ. ಉತ್ತರ ಬರಲು ಹೊತ್ತು ಬೇಕು. ನಡುವೆ ಬಾಯಿ ಹಾಕಿದರೆ ಆ ಎಳೆ ತುಂಡಾಗುತ್ತದೆ. ಮನೆಯಲ್ಲಿ ತುಳುವೋ ಹವ್ಯಕ ಭಾಷೆಯೋ ಕೊಂಕಣಿಯೋ ಮಲಯಾಳವೋ, ಯಾವುದು ನಡೆಯುತ್ತದೋ ಅದರಲ್ಲೇ ಕೇಳಿ.

ಹೆಚ್ಚಾಗಿ ಬರುವ ಉತ್ತರಗಳು ಇಂಥವು. ‘ಸರಿಯಾಗಿ ಆಗದಿದ್ದರೆ ಮಾಡಿ ಎಂಥ ಪ್ರಯೋಜನ.’ ‘ಒಂದು ತಪ್ಪಿದರೆ ಎಲ್ಲ ತಪ್ಪಿದ ಹಾಗೆ.’ ‘ಇರುವ ಶಕ್ತಿಯೇ ಇಷ್ಟು, ಅದೂ ಮುಗಿದರೆ?’ ‘ಮಾಡಿದರೂ ಖುಷಿ ಆಗುದಿಲ್ಲ.’ ‘ನಾನು ಹೋದರೆ ಅವರಿಗೆ ಕಿರಿಕಿರಿ.’ ಅವರು ಹೇಳಿದ್ದನ್ನು ಹೇಳಿದ ಹಾಗೇ ಒಂದು ಸಣ್ಣ ಪುಸ್ತಕದಲ್ಲಿ ಬರೆದಿಡಿ. ವಾದ ಮಾಡಬೇಡಿ, ಸಮಾಧಾನವನ್ನೂ ಹೇಳಬೇಡಿ. ಯಾವ ವಾಕ್ಯ ಅಡ್ಡ ನಿಂತಿದೆ ಎಂದು ಗೊತ್ತಾದರೆ ಈ ಹೆಜ್ಜೆ ಮುಗಿಯಿತು. ಶಕ್ತಿ ಮುಗಿದುಹೋಗುವ ಭಯ ಇರುವವರಿಗೂ ಜನರ ಭಯ ಇರುವವರಿಗೂ ಒಂದೇ ಕೆಲಸ ಹಿಡಿಸುವುದಿಲ್ಲ, ಅಲ್ವಾ?

3. ಕೆಲಸ ಆರಿಸುವುದು

ಹೆಚ್ಚಿನ ಮನೆಗಳಲ್ಲಿ ತಪ್ಪುವುದು ಇಲ್ಲೇ. ಮನೆಗೆ ಬೇಕಾದ ಕೆಲಸವನ್ನು ಹೇಳುತ್ತಾರೆ: ಪಂಪು ಹಾಕಿ ಬಾ, ಬ್ಯಾಂಕಿಗೆ ಹೋಗಿ ಬಾ. ಅದಕ್ಕೂ ಮೊದಲು ಇವರಿಗೆ ಯಾವುದು ಬೇಕಿತ್ತು ಎಂದು ನೆನಪು ಮಾಡಿಕೊಳ್ಳಿ. ಕಾಯಿಲೆಗೆ ಮುಂಚೆ ದನದ ಹತ್ತಿರ ಹೆಚ್ಚು ಹೊತ್ತು ಇರುತ್ತಿದ್ದರಾ? ಚೆಂಡೆ ಕೇಳಿದಲ್ಲಿ ನಿಲ್ಲುತ್ತಿದ್ದರಾ? ಕ್ರಿಕೆಟ್ಟಾ? ಬೆಕ್ ಅವರ ತಂಡದ ಪದ್ಧತಿಯಲ್ಲೂ ಶುರು ಮಾಡುವುದು ಇಷ್ಟದ ಕಡೆಯಿಂದಲೇ. ಕಾಯಿಲೆಯ ಮಾತು ಆಮೇಲೆ. ಮನುಷ್ಯ ಸ್ವಲ್ಪ ಎದ್ದು ಕೂತ ಮೇಲೆ ಅವರಿಗೆ ಮುಂದೆ ಏನಾಗಬೇಕು ಎಂದು ಕೇಳುತ್ತಾರೆ, ಅಲ್ಲಿಗೆ ಸಣ್ಣ ಸಣ್ಣ ಹೆಜ್ಜೆ ಹಾಕಿಸುತ್ತಾರೆ.

ಮೊದಲ ಕೆಲಸಕ್ಕೆ ನಾನು ನಾಲ್ಕು ವಿಷಯ ನೋಡುತ್ತೇನೆ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಮುಗಿಯಬೇಕು. ಮುಗಿದದ್ದು ಕಣ್ಣಿಗೆ ಕಾಣಬೇಕು. ಅರ್ಧಕ್ಕೆ ಬಿಟ್ಟರೂ ನಷ್ಟ ಆಗಬಾರದು. ಪಕ್ಕದಲ್ಲಿ ನಿಂತು ಲೆಕ್ಕ ಹಾಕುವವರು ಇರಬಾರದು.

ಅಡಿಕೆ ತೋಟದ ಮನೆಯಾದರೆ ಬಿದ್ದ ಅಡಿಕೆ ಹೆಕ್ಕುವುದು ಇದಕ್ಕೆ ಸರಿಯಾಗಿ ಹೊಂದುತ್ತದೆ. ಹತ್ತು ಹೆಕ್ಕಿದರೆ ಹತ್ತು ಬುಟ್ಟಿಯಲ್ಲಿರುತ್ತದೆ. ನಾಲ್ಕು ಕಣ್ತಪ್ಪಿದರೆ ನಾಳೆ ಸಿಗುತ್ತದೆ. ಅಂಗಳದಲ್ಲಿ ಒಣಗಲು ಹಾಕಿದ್ದನ್ನು ಕಾಲಿನಲ್ಲಿ ಒಮ್ಮೆ ಸರಿಸಿ ಮಗುಚಿದರೂ ಆಯಿತು. ಸುಲಿಯುವುದು ಬೇಡ, ಮಂಪರು ಇರುವವರ ಕೈಗೆ ಕತ್ತಿ ಕೊಡಬಾರದು. ಸುಲಿದ ಅಡಿಕೆಯಲ್ಲಿ ಪಟೋರ, ಕರಿಗೋಟು ಎನ್ನುವ ಕಡಿಮೆ ದರ್ಜೆಯವನ್ನು ಬೇರೆ ಮಾಡುವುದೂ ಮೊದಲಿಗೆ ಬೇಡ. ಅದರಲ್ಲಿ ಕಣ್ಣಿಗೆ, ಗಮನಕ್ಕೆ ಕೆಲಸ ಜಾಸ್ತಿ. ತಪ್ಪಿದರೆ ಅಪ್ಪ ಎಲ್ಲ ಸುರಿದು ಮತ್ತೆ ಹೆಕ್ಕಲು ಕೂರುತ್ತಾರೆ, ಅಷ್ಟು ಸಾಕು ಮನಸ್ಸು ಮುರಿಯಲು.

ಬೀಡಿ ಕಟ್ಟುವ ಮನೆಯಾದರೆ ಕಟ್ಟುವ ಕೆಲಸದಿಂದ ಶುರು ಮಾಡಬೇಡಿ. ಕಟ್ಟಿದ ಬೀಡಿ ಕೊಂಡುಹೋಗಿ ಕೊಡುವ ಬ್ರಾಂಚಿನಲ್ಲಿ ಒಂದೊಂದು ಕಟ್ಟು ನೋಡಿ ಸರಿಯಿಲ್ಲದ್ದನ್ನು ತೆಗೆದು ಬಿಸಾಡುತ್ತಾರೆ. ‘ನಾನು ಮಾಡಿದ್ದೆಲ್ಲ ಹಾಳು’ ಎಂದು ನಂಬಿದವರಿಗೆ ಅದಕ್ಕಿಂತ ಕೆಟ್ಟ ಶುರು ಬೇರೆ ಇಲ್ಲ. ಎಲೆ ನೆನೆಸುವುದು, ನೂಲು ಸುತ್ತಿಡುವುದು ಸಾಕು. ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುವುದು, ಬೆಳ್ಳುಳ್ಳಿ ಸುಲಿಯುವುದು. ಗಿಡಕ್ಕೆ ನೀರು ಹಾಕುವುದಾದರೆ ‘ಗಿಡಕ್ಕೆಲ್ಲ’ ಎಂದು ಹೇಳಬೇಡಿ, ‘ಮಲ್ಲಿಗೆಗೆ’ ಎಂದು ಹೇಳಿ.

ನೆನಪಿನ ತೊಂದರೆ ಇದ್ದರೆ ಅದಕ್ಕೆ ಚೀಟಿ ಇದೆ. ಐದು ಸಾಮಾನಿನ ಬದಲು ಎರಡು, ಅದೂ ಬರೆದು ಕೊಡಿ. ಚೀಟಿ ನೋಡಿ ತಂದದ್ದೂ ಅವರೇ ತಂದದ್ದು.

4. ಮೊದಲು ಊಹೆ, ಆಮೇಲೆ ಲೆಕ್ಕ

ಇಷ್ಟೂ ಹೆಜ್ಜೆಗಳಲ್ಲಿ ಒಂದನ್ನೇ ಮಾಡಲು ಪುರುಸೊತ್ತು ಇರುವುದಾದರೆ ಇದನ್ನು ಮಾಡಿ.

ಸ್ಕಿಜೋಫ್ರೇನಿಯಾ ಇರುವವರಿಗೆ ಖುಷಿಯೇ ಆಗುವುದಿಲ್ಲ ಎಂದು ಹಿಂದೆ ಎಣಿಸಿದ್ದರು. ಆಮೇಲೆ ನಡೆದ ಸಂಶೋಧನೆಗಳಲ್ಲಿ ಕಂಡದ್ದು ಬೇರೆ. ಇಷ್ಟದ ಕೆಲಸ ಮಾಡುತ್ತಿರುವಾಗ ಅವರಿಗೂ ಹೆಚ್ಚುಕಡಿಮೆ ಬೇರೆಯವರಷ್ಟೇ ಹಿತವೆನಿಸುತ್ತದೆ. ಮುಂದೆ ಹಿತ ಆದೀತು ಎಂದು ಊಹಿಸುವುದು ಮಾತ್ರ ಅವರಿಗೆ ಕಷ್ಟ. ಊಹೆಯಲ್ಲಿ ಖುಷಿ ಸೊನ್ನೆ, ಕಷ್ಟ ಬೆಟ್ಟದಷ್ಟು. ಹಾಗಿದ್ದ ಮೇಲೆ ಯಾರು ತಾನೇ ಏಳುತ್ತಾರೆ? ಆದ್ದರಿಂದ ಆ ಊಹೆಯನ್ನು ಬರೆದಿಟ್ಟು, ಕೆಲಸ ಆದ ಮೇಲೆ ಅವರೇ ಅದನ್ನು ನೋಡುವ ಹಾಗೆ ಮಾಡಬೇಕು.

ಒಂದು ಮನೆಯನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ಹನ್ನೊಂದು ಗಂಟೆ. ಅಕ್ಕ ತಮ್ಮನನ್ನು ತೋಟದ ಬಾಗಿಲಿಗೆ ಕರೆದುಕೊಂಡು ಬಂದಿದ್ದಾಳೆ. ಕೈಯಲ್ಲಿ ಬುಟ್ಟಿ.

‘ಈ ಸಾಲಿನ ನಾಲ್ಕು ಮರದ ಬುಡ ಮಾತ್ರ. ಬುಟ್ಟಿ ತುಂಬಬೇಕು ಅಂತಿಲ್ಲ. ಹತ್ತರಲ್ಲಿ ಎಷ್ಟು ಕಷ್ಟ ಆದೀತು?’

‘ಎಂಟು.’

‘ಖುಷಿ?’

‘ಖುಷಿ ಎಂಥದು ಅಕ್ಕ... ಸೊನ್ನೆ.’

ಅಕ್ಕ ಎರಡನ್ನೂ ಬರೆದುಕೊಳ್ಳುತ್ತಾಳೆ. ಪಕ್ಕದ ಸಾಲಿನಲ್ಲಿ ತಾನೂ ಹೆಕ್ಕುತ್ತಾಳೆ, ಅವನ ಕಡೆ ನೋಡುವುದಿಲ್ಲ. ಕಾಲು ಗಂಟೆಯ ಮೇಲೆ ಜಗಲಿಗೆ ಬಂದು ಚಾ ಕೊಟ್ಟು ಕೇಳುತ್ತಾಳೆ.

‘ಈಗ ಹೇಳು, ಕಷ್ಟ ಎಷ್ಟಾಯ್ತು?’

‘ನಾಲ್ಕು. ಬಗ್ಗುವಾಗ ಸೊಂಟ ನೋಯ್ತದೆ.’

‘ಖುಷಿ?’

‘ಎರಡು ಹಾಕು. ನಾಯಿ ಹಿಂದೆಯೇ ಬಂತು.’

‘ಮೊದಲು ಎಂಟು ಅಂದಿದ್ದಿ, ಈಗ ನಾಲ್ಕು ಅಂತಿ. ಇದು ನೋಡಿ ನಿನಗೆ ಎಂಥ ಅನಿಸ್ತದೆ?’

‘...ಎಣಿಸಿದಷ್ಟು ಇರ್ಲಿಲ್ಲ.’

ಆ ಕೊನೆಯ ಮಾತನ್ನು ಅವನೇ ಹೇಳಬೇಕು. ಅದಕ್ಕಾಗಿಯೇ ಇಷ್ಟೆಲ್ಲ. ಅಕ್ಕ ‘ನೋಡು, ನಾನು ಹೇಳ್ಲಿಲ್ವಾ’ ಅಂದಿದ್ದರೆ ಗೆದ್ದವಳು ಅಕ್ಕ ಆಗುತ್ತಿದ್ದಳು. ‘ಭಾರೀ ಲಾಯ್ಕ ಮಾಡಿದೆ’ ಎಂದು ಹೊಗಳಿದರೂ ಪ್ರಯೋಜನ ಇಲ್ಲ. ನಾಲ್ಕು ಮರದ ಅಡಿಕೆ ಹೆಕ್ಕಿದ್ದಕ್ಕೆ ಅಷ್ಟು ಹೊಗಳಿಕೆ ಬಂದರೆ ದೊಡ್ಡ ಪ್ರಾಯದವನಿಗೆ ಅವಮಾನ ಆಗುತ್ತದೆ. ಅವನು ಹೇಳಿದ ಮಾತನ್ನು ಆ ದಿನದ ಅಂಕೆಗಳ ಕೆಳಗೆ ಬರೆದಿಡಿ. ಮುಂದಿನ ವಾರ ‘ನನ್ನಿಂದಾಗದು’ ಎಂದಾಗ ಪುಸ್ತಕ ತೆರೆದು ಅವನ ಮಾತನ್ನು ಅವನಿಗೇ ತೋರಿಸಬಹುದು.

ಕಷ್ಟ ಎಂಟು ಎಂದದ್ದು ಒಂಬತ್ತೇ ಆಯಿತು ಎಂದರೆ? ಅದನ್ನೂ ಬರೆಯಿರಿ. ಹಾಗಾದರೆ ಕೆಲಸ ದೊಡ್ಡದಾಯಿತು, ನಾಳೆ ಎರಡು ಮರ.

5. ಮನೆಯವರ ಬಾಯಿ

ಲಂಡನ್ನಿನಲ್ಲಿ ಸಮಾಜಶಾಸ್ತ್ರಜ್ಞ ಜಾರ್ಜ್ ಬ್ರೌನ್ ಶುರು ಮಾಡಿದ ಅಧ್ಯಯನಗಳಿಂದ ಒಂದು ವಿಷಯ ಗಟ್ಟಿಯಾಗಿ ಗೊತ್ತಾಗಿದೆ. ಟೀಕೆ, ಸಿಟ್ಟು, ವಿಪರೀತ ಕಾಳಜಿ ಹೆಚ್ಚಿರುವ ಮನೆಗೆ ಹಿಂತಿರುಗಿದ ರೋಗಿಗಳಲ್ಲಿ ಕಾಯಿಲೆ ಮರುಕಳಿಸುವುದು ಜಾಸ್ತಿ. ಟೀಕೆ ಸರಿ, ಕಾಳಜಿ ಹೇಗೆ ಕೆಡುಕು ಮಾಡುತ್ತದೆ ಎಂದು ಕೇಳುತ್ತೀರಿ. ಅಪ್ಪ ಹೇಳುತ್ತಾರೆ: ‘ನಿನ್ನಿಂದ ಎಂಥದೂ ಆಗುದಿಲ್ಲ.’ ಅಮ್ಮ ಹೇಳುತ್ತಾರೆ: ‘ನೀನು ಎಂಥದೂ ಮಾಡುದು ಬೇಡ ಮಗಾ, ನಾನಿದ್ದೇನೆ.’ ಒಂದರಲ್ಲಿ ಸಿಟ್ಟು, ಇನ್ನೊಂದರಲ್ಲಿ ಪ್ರೀತಿ. ಕೇಳುವವನ ಕಿವಿಗೆ ಬೀಳುವ ಸುದ್ದಿ ಒಂದೇ. ಇಪ್ಪತ್ತೆಂಟು ವರ್ಷದವನಿಗೆ ಅನ್ನ ಕಲಸಿ ಕೊಡುವ, ಬಟ್ಟೆ ತೆಗೆದಿಡುವ ಅಮ್ಮಂದಿರು ಬೈಯುವ ಅಪ್ಪಂದಿರಿಗಿಂತ ನಮ್ಮಲ್ಲಿ ಹೆಚ್ಚು ಎಂದು ನನ್ನ ಅಂದಾಜು. ಅವರಿಗೆ ಹೇಳುವುದೂ ಕಷ್ಟ, ಪಾಪ.

ಇಬ್ಬರೂ ಮಾಡಬಹುದಾದದ್ದು: ಒಂದು ಸಣ್ಣ ಕೆಲಸ ಅವರದ್ದು ಎಂದು ಬಿಟ್ಟುಕೊಡಿ. ತನ್ನ ಬಟ್ಟಲು ತಾನೇ ತೊಳೆಯುವುದು ಎಂದಿಟ್ಟುಕೊಳ್ಳಿ. ಜಿಡ್ಡು ಉಳಿದರೆ ಎದುರಿನಲ್ಲೇ ತೆಗೆದು ಮತ್ತೆ ತೊಳೆಯಬೇಡಿ.

6. ಆಗದ ದಿನ

ಬರುತ್ತದೆ. ಮೂರು ದಿನ ಹೆಕ್ಕಿದವನು ನಾಲ್ಕನೇ ದಿನ ಏಳುವುದಿಲ್ಲ. ಅವತ್ತು ಹಳೇ ವಾಕ್ಯ ದುಪ್ಪಟ್ಟು ಜೋರಾಗಿ ಬರುತ್ತದೆ: ‘ನೋಡಿದ್ರಾ, ಆಗುದಿಲ್ಲ.’ ಅವತ್ತು ಕೆಲಸ ಬಿಡಬೇಡಿ, ಸಣ್ಣದು ಮಾಡಿ. ತೋಟಕ್ಕೆ ಬೇಡ, ಬಾಗಿಲವರೆಗೆ ಬಂದು ನಾಯಿಗೆ ಅನ್ನ ಹಾಕಿದರೆ ಸಾಕು. ಅದೂ ಆಗಲಿಲ್ಲವೇ, ‘ಇವತ್ತು ಆಗಲಿಲ್ಲ’ ಎಂದು ಬರೆಯಿರಿ. ‘ಇವತ್ತು’ ಎನ್ನುವುದು ಬಿಟ್ಟುಹೋಗದಿರಲಿ.

ಎಷ್ಟು ಕಾಲ ಬೇಕು? ಗ್ರಾಂಟ್, ಬೆಕ್ ಮತ್ತು ಜೊತೆಗಾರರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೀರಾ ಕುಗ್ಗಿದ್ದ 60 ಜನರಿದ್ದರು. ಮಾಮೂಲಿ ಚಿಕಿತ್ಸೆಯ ಜೊತೆ ಈ ಮಾತಿನ ಚಿಕಿತ್ಸೆಯೂ ಸಿಕ್ಕವರ ದಿನದ ನಡವಳಿಕೆ ಸುಧಾರಿಸಿತು, ಜಡತ್ವ ಕಡಿಮೆಯಾಯಿತು. ಅದಕ್ಕೆ ಹಿಡಿದದ್ದು 18 ತಿಂಗಳು. ತರಬೇತಾದವರ ಕೈಯಲ್ಲೇ ಅಷ್ಟು. ಮನೆಯಲ್ಲಿ ಎರಡು ವಾರದಲ್ಲಿ ಬದಲಾವಣೆ ಕಾಣದಿದ್ದರೆ ಬೇಸರ ಮಾಡಿಕೊಳ್ಳುವಂಥದ್ದೇನೂ ಇಲ್ಲ.

7. ಗೇಟು ದಾಟುವುದು

ಮನೆಯೊಳಗೆ ಸ್ವಲ್ಪ ಓಡಾಟ ಬಂದ ಮೇಲೆ ಹೊರಗೆ. ಇಲ್ಲಿ ಅಡ್ಡ ಬರುವ ವಾಕ್ಯ ಬೇರೆ: ‘ಜನ ನನ್ನನ್ನೇ ನೋಡ್ತಾರೆ, ನನ್ನ ಹತ್ತಿರ ಮಾತಾಡ್ಲಿಕ್ಕೆ ಅವರಿಗೆ ಇಷ್ಟ ಇಲ್ಲ.’ ಹಳ್ಳಿಯಲ್ಲಿ ಇದು ಪೂರ್ತಿ ಸುಳ್ಳೂ ಅಲ್ಲ, ಎಲ್ಲರಿಗೂ ಎಲ್ಲರ ಕಥೆ ಗೊತ್ತಿರುತ್ತದೆ. ಹಾಗಾಗಿ ಮೊದಲು ಜನ ಕಡಿಮೆ ಇರುವ ಹೊತ್ತಿನಲ್ಲಿ ಹಾಲು ಸೊಸೈಟಿಗೋ ಗುರುತಿನ ಅಂಗಡಿಗೋ ಹೋಗಿ ಬರಲಿ. ಹೊರಡುವಾಗ ಊಹೆ: ಎಷ್ಟು ಜನ ಮುಖ ತಿರುಗಿಸಿಯಾರು? ಬಂದ ಮೇಲೆ ಲೆಕ್ಕ.

ಮದುವೆ, ಪೂಜೆಯಂಥ ಜಂಬ್ರಕ್ಕೆ ಹೋಗಲು ಹೆದರಿಕೆ ಯಾಕೆ ಎಂದು ಕೇಳಿದರೆ ಬಹಳ ಸಲ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ‘ಈಗ ಎಂಥ ಮಾಡ್ತಾ ಇದ್ದಿ?’ ಅದಕ್ಕೆ ಉತ್ತರ ಮನೆಯಲ್ಲೇ ತಯಾರು ಮಾಡಿ, ನಾಲ್ಕು ಸಲ ಹೇಳಿಸಿ. ‘ತೋಟದ ಕೆಲಸಕ್ಕೆ ಸೇರಿಕೊಳ್ತೇನೆ ಮಾವ. ನೀವು ಹೇಗಿದ್ದೀರಿ?’ ದಿನಾ ಅಡಿಕೆ ಹೆಕ್ಕುವವನು ಹೀಗೆ ಹೇಳಿದರೆ ಸುಳ್ಳೇನಿಲ್ಲ. ಪ್ರಶ್ನೆಯನ್ನು ಎದುರಿನವರಿಗೆ ದಾಟಿಸಿದರೆ ಮುಂದಿನ ಐದು ನಿಮಿಷ ಅವರೇ ಮಾತಾಡುತ್ತಾರೆ.

ಯಕ್ಷಗಾನಕ್ಕೆ, ಭೂತಕೋಲಕ್ಕೆ ಕರೆದುಕೊಂಡು ಹೋಗುವುದು ಒಳ್ಳೆಯದೇ. ಬೆಳಗಿನವರೆಗೆ ಮಾತ್ರ ಕೂರಿಸಬೇಡಿ. ನಿದ್ದೆ ಕೆಟ್ಟರೆ ಕಾಯಿಲೆ ಕೆದಕಿದ ಹಾಗೆ, ರಾತ್ರಿಯ ಮಾತ್ರೆಯೂ ತಪ್ಪುತ್ತದೆ. ಒಂದೆರಡು ಗಂಟೆ ನೋಡಿ ಎದ್ದು ಬನ್ನಿ.

8. ಆಸ್ಪತ್ರೆಗೆ ಹೋಗುವಾಗ

ಗಡಿಯ ಈ ಕಡೆ, ಕೇರಳದಲ್ಲಿರುವ ನಮ್ಮವರಿಗೆ ಒಂದು ತೊಂದರೆ ಹೆಚ್ಚಿಗೆ. ಸರಕಾರಿ ಆಸ್ಪತ್ರೆಯಲ್ಲಿ ಮಾತು ಹೆಚ್ಚಾಗಿ ಮಲಯಾಳದಲ್ಲಿ. ಕೆಲವರು ಮಂಗಳೂರಿಗೂ ಹೋಗುತ್ತಾರೆ, ಇಲ್ಲಿಯ ಚೀಟಿ ಅಲ್ಲಿಗೆ ತಲುಪುವುದಿಲ್ಲ. ‘ಹೇಗಿದ್ದಿ’ ಎಂದರೆ ‘ಅಡ್ಡಿ ಇಲ್ಲ’ ಎನ್ನುತ್ತಾನೆ, ಮಾತ್ರೆ ಬರೆಸಿಕೊಂಡು ಹೊರಗೆ ಬಂದಾಯಿತು. ಅದಕ್ಕೇ ಆ ಸಣ್ಣ ಪುಸ್ತಕ ತೆಗೆದುಕೊಂಡು ಹೋಗಿ. ಮಲಯಾಳ ಗೊತ್ತಿರುವ ಒಬ್ಬರು ಜೊತೆಗಿದ್ದರೆ ಅಡ್ಡ ನಿಂತಿರುವ ವಾಕ್ಯವನ್ನು ಡಾಕ್ಟರಿಗೆ ಓದಿ ಹೇಳಬಹುದು. ಎರಡೂ ಕಡೆಯ ಚೀಟಿ ಒಂದೇ ಫೈಲಿನಲ್ಲಿರಲಿ. ಮನಶ್ಶಾಸ್ತ್ರಜ್ಞರು ಇದ್ದರೆ ‘ಮಾತಿನ ಚಿಕಿತ್ಸೆ ಸಿಗುತ್ತದಾ’ ಎಂದು ನೀವಾಗಿ ಕೇಳಿ.

ದೊಡ್ಡ ಡಾಕ್ಟರೇ ಬೇಕೆಂದಿಲ್ಲ. ತಮಿಳುನಾಡು, ಗೋವಾ ಮತ್ತು ಮಹಾರಾಷ್ಟ್ರದ ಸಾತಾರದಲ್ಲಿ ನಡೆದು 2014ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು ಮನೆಗೆ ಹೋಗಿ ಆರೈಕೆ ಮಾಡಿದವರಲ್ಲಿ ಆಸ್ಪತ್ರೆಯ ಚಿಕಿತ್ಸೆ ಮಾತ್ರ ಪಡೆದವರಿಗಿಂತ ಸ್ವಲ್ಪ ಹೆಚ್ಚು ಗುಣ ಕಂಡಿತು. ಸ್ವಲ್ಪವೇ, ಆದರೆ ಕಂಡಿತು. ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಗೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರಿಗೆ ವಿಷಯ ತಿಳಿಸಿಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಇರುತ್ತದೆ, ದುಡ್ಡಿಲ್ಲ, ಭಾಷೆ ಆರಿಸಿಕೊಳ್ಳಬಹುದು.

ಇನ್ನು ಅಂಗವಿಕಲರ ಕಾರ್ಡಿನ ವಿಷಯ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ತಪಾಸಣೆಯಲ್ಲಿ ಅಂಗವಿಕಲತೆ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಎಂದು ಬಂದರೆ ಹಲವು ಸೌಲಭ್ಯಗಳಿಗೆ ಅರ್ಜಿ ಹಾಕಬಹುದು. ಸ್ವಂತ ಆರೈಕೆ, ಜನರ ಜೊತೆಗಿನ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ ಎಂದು ನಾಲ್ಕು ಭಾಗ ಮಾಡಿ ಅಳೆಯುತ್ತಾರೆ, ಕಾಯಿಲೆ ಎಷ್ಟು ವರ್ಷದ್ದು ಎಂದೂ ನೋಡುತ್ತಾರೆ. ಕಾರ್ಡು ಬಂದ ದಿನ ‘ನಾನು ಕೆಲಸಕ್ಕೆ ಬಾರದವನು ಅಂತ ಸರಕಾರವೇ ಬರೆದುಕೊಟ್ಟಿತು’ ಎಂದು ಕುಗ್ಗುವವರಿದ್ದಾರೆ. ಆದ್ದರಿಂದ ಅರ್ಜಿ ಹಾಕುವ ಮೊದಲೇ ಕೂತು ಹೇಳಿ: ಕಾರ್ಡು ದುಡ್ಡಿಗೆ ಮತ್ತು ಸೌಲಭ್ಯಕ್ಕೆ, ಹೆಕ್ಕುವ ಅಡಿಕೆಯ ಲೆಕ್ಕ ಪುಸ್ತಕದಲ್ಲಿ ಬೇರೆಯೇ ಇರುತ್ತದೆ. ತಪಾಸಣೆಗೆ ಹೋಗುವಾಗ ಹಳೆಯ ಚೀಟಿಗಳು, ಆಧಾರ್, ಫೋಟೋ ಇಟ್ಟುಕೊಳ್ಳಿ. ಬಟ್ಟೆ ಅವನೇ ಆರಿಸಲಿ, ಫೈಲೂ ಅವನ ಕೈಯಲ್ಲೇ ಇರಲಿ.